ಐದು ದಿನದ ತರಬೇತಿಯೋ, ಊರಿಗೊಬ್ಬ ಆರೋಗ್ಯ ಸಹಾಯಕರೋ?

ಆಂಬುಲೆನ್ಸ್ ಬೇಗ ತಲುಪದ ಹಾಡಿಯ ಜನರಿಗೆ ತುರ್ತು ಚಿಕಿತ್ಸೆ ಕಲಿಸಬೇಕು ಅಂತಿದ್ದೀರಾ? ಮೊದಲು ಈ ಎರಡು ದಾರಿ ನೋಡಿ.

ಕೆನಡಾದ ಒಂಟಾರಿಯೊದ ಉತ್ತರದಲ್ಲಿ ಸಾಚಿಗೋ ಲೇಕ್ ಎಂಬ ಮೂಲನಿವಾಸಿಗಳ ಊರಿದೆ. ವರ್ಷದ ಬಹುಪಾಲು ಅಲ್ಲಿಗೆ ವಿಮಾನವೇ ಗತಿ. ಊರಲ್ಲಿ ಆಂಬುಲೆನ್ಸ್ ಜೊತೆ ಬಂದು ತುರ್ತು ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್‌ಗಳಿರಲಿಲ್ಲ. 2010ರಲ್ಲಿ ಸಾಮಾನ್ಯ ಜನರಿಗೇ 5 ದಿನದ ಪ್ರಥಮ ಚಿಕಿತ್ಸೆ ತರಬೇತಿ ಕೊಟ್ಟರು. ನನಗೆ ಇದರಲ್ಲಿ ಇಷ್ಟವಾದದ್ದು, ಪಾಠವನ್ನು ಊರಿನವರ ಜೊತೆ ಸೇರಿ ರೂಪಿಸಿದ್ದು. ಅಲ್ಲಿ ಆಗುವ ಅಪಘಾತವೇ ಬೇರೆ, ನಗರದ್ದೇ ಬೇರೆ ಅಲ್ವಾ?

ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ 1960ರ ದಶಕದಿಂದ ಬೇರೆ ದಾರಿ ಇದೆ. ಹಳ್ಳಿಯಿಂದಲೇ ಆರಿಸಿದ ಒಬ್ಬಿಬ್ಬರಿಗೆ ಆರೋಗ್ಯ ಸಹಾಯಕರಾಗಲು 4 ಹಂತದ ತರಬೇತಿ. ಒಂದೊಂದು ಹಂತಕ್ಕೂ ವಾರಗಟ್ಟಲೆ ಬೇಕು. ಇದು ಸಂಬಳದ ಕೆಲಸ. ಕೈಪಿಡಿ ನೋಡುತ್ತಾ, ದೂರದ ವೈದ್ಯರನ್ನು ಫೋನಿನಲ್ಲಿ ಕೇಳುತ್ತಾ ಚಿಕಿತ್ಸೆ ಕೊಡುತ್ತಾರೆ. ತುರ್ತು ಮಾತ್ರವಲ್ಲ, ಬಸುರಿಯರ ತಪಾಸಣೆ, ಮಕ್ಕಳ ಜ್ವರವೂ ಅವರದೇ ಹೊಣೆ. ಆದರೆ ನಡುರಾತ್ರಿ ಕರೆ ಬಂದರೆ ಎದುರಿಗಿರುವ ಗಾಯಾಳು ಸ್ವಂತ ಅಣ್ಣನೇ ಇರಬಹುದು. ಆ ಭಾರ ಸಣ್ಣದಲ್ಲ. ಅವರಿಗೆ ರಜೆ, ಬದಲಿ ಜನ, ಮಾತಾಡಲು ಒಬ್ಬರು ಬೇಕೇಬೇಕು.

ಹಣ ಕಡಿಮೆ ಇದ್ದರೆ ಐದು ದಿನದ್ದನ್ನೇ ಶುರು ಮಾಡಿ. ಜಾಸ್ತಿ ಜನ ಕಲಿಯುತ್ತಾರೆ, ಭಾರ ಹಂಚಿಹೋಗುತ್ತದೆ. ಅಭ್ಯಾಸ ತಪ್ಪಿದರೆ ಕೈ ಮರೆಯುತ್ತದೆ, ಹಾಗಾಗಿ ಮರುತರಬೇತಿಗೂ ಈಗಲೇ ದುಡ್ಡು ತೆಗೆದಿಡಿ. ವೈದ್ಯರ ಫೋನ್ ನೆರವು, ಸಂಬಳ ಎರಡೂ ಖಾತ್ರಿ ಇದ್ದರೆ ಮಾತ್ರ ಅಲಾಸ್ಕಾದ ದಾರಿ ಹಿಡಿಯಿರಿ.