ಸಿಂಕ್‌ತಿಂಗ್: ಫೋಟೊ ನಿಮ್ಮದು, ಡಿಸ್ಕೂ ನಿಮ್ಮದೇ

ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೊ ಮೂರೂ ಹಿಡಿಯಬೇಕು. 2021ರ ಜೂನ್ 1ರ ನಂತರ ಏರಿಸಿದ ಫೋಟೊಗಳೆಲ್ಲ ಆ ಲೆಕ್ಕಕ್ಕೇ. ಎರಡು ಮದುವೆ, ಒಂದು ಗೃಹಪ್ರವೇಶ ಮುಗಿಯುವಷ್ಟರಲ್ಲಿ ಜಾಗ ಭರ್ತಿ, ಆಮೇಲೆ ಬಾಡಿಗೆ. ಮನೆಯಲ್ಲಿ ಹಳೇ ಕಂಪ್ಯೂಟರ್ ಇದ್ದರೆ, ಫೋನು-ಕಂಪ್ಯೂಟರ್ ನಡುವೆ ಫೈಲ್ ಸಾಗಿಸುವ ತಂತ್ರಾಂಶ ಸಿಂಕ್‌ತಿಂಗ್ ಸಾಕು. ದುಡ್ಡಿಲ್ಲ, ಖಾತೆ ತೆರೆಯುವ ಗೋಜಿಲ್ಲ. ಫೋಟೊ ಫೋನಿಂದ ಕಂಪ್ಯೂಟರಿಗೆ ಹೋಗುತ್ತದೆ, ನಡುವೆ ಯಾರ ಗೋದಾಮಿನಲ್ಲೂ ಉಳಿಯುವುದಿಲ್ಲ.

ಕಂಪ್ಯೂಟರಿನಲ್ಲಿ ಹಾಕಿದ ಮೇಲೆ ಬ್ರೌಸರ್‌ನಲ್ಲಿ 127.0.0.1:8384 ಎಂದು ಹೊಡೆದು ಅದರ ಪುಟ ತೆರೆಯಿರಿ. ಆಂಡ್ರಾಯ್ಡ್‌ನ ಮೂಲ ಆ್ಯಪ್ 2024ರ ಡಿಸೆಂಬರ್‌ಗೆ ನಿಂತುಹೋಯಿತು. ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯಿಂದ, ಅದರದೇ ಕವಲಾದ ಸಿಂಕ್‌ತಿಂಗ್-ಫೋರ್ಕ್ ಹಾಕಿಕೊಳ್ಳಿ. ಕಂಪ್ಯೂಟರಿನ ಕ್ಯೂಆರ್ ಕೋಡನ್ನು ಫೋನಲ್ಲಿ ಸ್ಕ್ಯಾನ್ ಮಾಡಿ, ಕ್ಯಾಮೆರಾ ಫೋಟೊಗಳಿರುವ ಡಿಸಿಐಎಂ ಫೋಲ್ಡರ್ ಹಂಚಿ. ಫೋನ್ ಕಡೆ ‘ಸೆಂಡ್ ಓನ್ಲಿ’, ಕಂಪ್ಯೂಟರ್ ಕಡೆ ‘ರಿಸೀವ್ ಓನ್ಲಿ’.

ಎಡವುವುದು ಇಲ್ಲಿಂದ ಮುಂದೆ. ಜಾಗ ಸಾಲದೆಂದು ಫೋನಲ್ಲಿ ಫೋಟೊ ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿಯುತ್ತದೆ. ಎರಡೂ ಕಡೆ ಒಂದೇ ಥರ ಇಡುವುದೇ ಇದರ ಕೆಲಸ, ಬ್ಯಾಕಪ್ ಅಲ್ಲ. ಅದಕ್ಕೇ ಮೊದಲ ದಿನವೇ ಕಂಪ್ಯೂಟರಿನ ಫೋಲ್ಡರ್‌ಗೆ ‘ಫೈಲ್ ವರ್ಷನಿಂಗ್’ನಲ್ಲಿ ‘ಟ್ರ್ಯಾಶ್ ಕ್ಯಾನ್’ ಆರಿಸಿ, ದಿನದ ಲೆಕ್ಕ 0 (ಅಂದರೆ ಎಂದೂ ಖಾಲಿ ಮಾಡಬೇಡ) ಇಡಿ. ಅಳಿಸಿದ್ದೆಲ್ಲ .stversions ಎಂಬ ಫೋಲ್ಡರಿನಲ್ಲಿ ಕೂತಿರುತ್ತದೆ. ಇನ್ನೊಂದು: ಬಂದ ಫೋಟೊಗಳನ್ನು ‘ಸಿದ್ದಗಂಗೆ ಜಾತ್ರೆ’, ‘ಅಣ್ಣನ ಮದುವೆ’ ಎಂದು ಅದೇ ಫೋಲ್ಡರಿನೊಳಗೆ ವಿಂಗಡಿಸಬೇಡಿ. ‘ರಿವರ್ಟ್ ಲೋಕಲ್ ಚೇಂಜಸ್’ ಎಂಬ ಕೆಂಪು ಗುಂಡಿ ಬರುತ್ತದೆ. ಒತ್ತಿದರೆ ವಿಂಗಡಿಸಿದ್ದು ಹೋಗಿಬಿಡುತ್ತದೆ. ಬೇರೆ ಫೋಲ್ಡರಿಗೆ ಕಾಪಿ ಮಾಡಿಕೊಂಡು ವಿಂಗಡಿಸಿ.

ಫೋನು ತುಮಕೂರಿನ ಎಸ್.ಎಸ್.ಪುರಂ ರೂಮಿನಲ್ಲಿ, ಕಂಪ್ಯೂಟರ್ ಮಧುಗಿರಿಯ ಮನೆಯಲ್ಲಿದ್ದರೂ ನಡೆಯುತ್ತದೆ. ನೇರ ದಾರಿ ಸಿಗದಿದ್ದಾಗ ನಡುವೆ ದಾಟಿಸುವ ರಿಲೇ ಸರ್ವರ್ ಮೂಲಕ, ಬೇರೆಯವರು ಓದಲಾಗದಂತೆ ಬೀಗ ಹಾಕಿಯೇ ಸಾಗುತ್ತದೆ, ಆದರೆ ಆಮೆ ನಡಿಗೆ. ಎರಡೂ ಒಂದೇ ಹೊತ್ತಿಗೆ ಆನ್ ಇರಬೇಕು. ಊರಲ್ಲಿ ಕರೆಂಟ್ ಇಲ್ಲದಿದ್ದರೆ ಬರುವ ತನಕ ಕಾಯಬೇಕಷ್ಟೆ. ಮೊದಲ ಸಲದ 40-50 ಜಿಬಿಯನ್ನು ಊರಿಗೆ ಹೋದಾಗ ಮನೆಯ ವೈಫೈನಲ್ಲೇ ಮುಗಿಸಿ. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಕೂತರೆ ತಿಂಗಳು ಹಿಡಿಯುತ್ತದೆ. ಫೋಟೊ ಬರುವುದು ಏಕಾಏಕಿ ನಿಂತರೆ ಮೊದಲು ಫೋನಿನ ಬ್ಯಾಟರಿ ಸೆಟ್ಟಿಂಗ್ ನೋಡಿ: ಈ ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಇರಬೇಕು, ಇಲ್ಲದಿದ್ದರೆ ಫೋನೇ ಅದನ್ನು ಮಲಗಿಸಿಬಿಡುತ್ತದೆ.

ಐಫೋನ್‌ಗೆ ಅಧಿಕೃತ ಆ್ಯಪ್ ಇಲ್ಲ. ಮನೆಯ ಡಿಸ್ಕೇ ಕೆಟ್ಟರೆ ಸಿಂಕ್‌ತಿಂಗ್ ಏನೂ ಮಾಡಲಾರದು. ತಿಂಗಳಿಗೊಮ್ಮೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಕೇಬಲ್ ಕಿತ್ತು ಬೀರುವಿನಲ್ಲಿಡಿ.