ಕೇಳೋದಕ್ಕೆ ಫೋನ್ ಸಾಕು, ಸಂಭಾಳಿಸೋದಕ್ಕೆ ಸಾಲದು: ನಾಲ್ಕು ವರ್ಷದ ಪಾಡ್‌ಕಾಸ್ಟ್ ಬಳಕೆ

ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಮಷಿನ್ ಮೇಲೆ ಕೂರುವವನು ನಾನು. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಏಳರವರೆಗೆ ಕೈ, ಕಣ್ಣು ಎರಡೂ ಬಟ್ಟೆ ಮೇಲೆ. ಬಿಡುವಿರೋದು ಕಿವಿಗೆ ಮಾತ್ರ. 2021ರ ಕೊನೆಯಿಂದ ದಿನಕ್ಕೆ ಹೆಚ್ಚೂಕಮ್ಮಿ ಆರು ಗಂಟೆ ಪಾಡ್‌ಕಾಸ್ಟ್, ಅಂದರೆ ನೆಟ್‌ನಲ್ಲಿ ಕಂತುಕಂತಾಗಿ ಬರುವ ಮಾತಿನ ಕಾರ್ಯಕ್ರಮ, ಕೇಳುತ್ತಾ ಬಂದಿದ್ದೇನೆ. ಇತಿಹಾಸ, ಆರೋಗ್ಯ, ಕ್ರಿಕೆಟ್, ಸಂದರ್ಶನ, ಏನು ಸಿಕ್ಕರೂ. ಪಿಯುಸಿಗೇ ಓದು ನಿಂತ ನನಗೆ ಇವತ್ತು ಗೊತ್ತಿರುವ ಬಹಳಷ್ಟು ಸಂಗತಿ ಬಂದಿದ್ದು ಈ ದಾರಿಯಿಂದಲೇ.

ಮೊದಲ ಎರಡೂವರೆ ವರ್ಷ ಎಲ್ಲವನ್ನೂ ಫೋನಿನಲ್ಲೇ ಮಾಡಿದೆ. ಹುಡುಕೋದು, ಇಳಿಸಿಕೊಳ್ಳೋದು, ಸಾಲಾಗಿ ಜೋಡಿಸೋದು, ಕೇಳಿದ್ದನ್ನು ಅಳಿಸೋದು. ಫೋನು 4 ಜಿಬಿ ರ‍್ಯಾಮ್, 64 ಜಿಬಿ ಜಾಗದ ಸಾಮಾನ್ಯ ಆಂಡ್ರಾಯ್ಡ್. ಕೇಳೋದರಲ್ಲಿ ಅದರ ಮೇಲೆ ನನ್ನ ದೂರು ಏನೂ ಇಲ್ಲ. ತೊಂದರೆಯೆಲ್ಲ ಉಳಿದ ಕೆಲಸಗಳಲ್ಲಿ.

ಮೊದಲು ಜಾಗದ ಲೆಕ್ಕ. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಫೈಲ್ ಆದರೆ ಒಂದು ಗಂಟೆಗೆ ಸುಮಾರು 58 ಎಂಬಿ. ದಿನಕ್ಕೆ ಆರು ಗಂಟೆಯಂತೆ ವಾರದ ಆರು ದಿನಕ್ಕೆ 2 ಜಿಬಿ ದಾಟುತ್ತದೆ. ನನ್ನದು ದಿನಕ್ಕೆ 1.5 ಜಿಬಿ ಡೇಟಾ ಪ್ಯಾಕ್, ಒಂದೇ ಸಲಕ್ಕೆ ವಾರದ ಸರಕು ಇಳಿಯೋದಿಲ್ಲ. ಮಗಳ ಓದಿಗಂತ ಮನೆಗೆ ವೈಫೈ ಬಂದ ಮೇಲೆ ಆ ಚಿಂತೆ ಹೋಯಿತು, ಆದರೆ ಫೋನಿನ ಹೊಟ್ಟೆ ದೊಡ್ಡದಾಗಲಿಲ್ಲ. ಮದುವೆ ಮನೆಯ ವಿಡಿಯೊ, ವಾಟ್ಸ್‌ಆ್ಯಪ್‌ನ ಶುಭೋದಯ, ಮಾಲೀಕರು ಕಳಿಸುವ ಡಿಸೈನ್ ಫೋಟೊ, ಇವುಗಳ ನಡುವೆ ಪಾಡ್‌ಕಾಸ್ಟ್‌ಗೆ ಉಳಿಯೋದು ಮೂಲೆ ಜಾಗ. ಅದು ತುಂಬಿದರೆ ಆ್ಯಪ್ ಹೇಳೋದೂ ಇಲ್ಲ, ಅರ್ಧಕ್ಕೆ ಇಳಿಸಿ ಸುಮ್ಮನಾಗುತ್ತದೆ.

ನನ್ನನ್ನು ಹೆಚ್ಚು ಗೋಳಾಡಿಸಿದ್ದು ರಾತ್ರಿಯ ಡೌನ್‌ಲೋಡ್. ಹೊಸ ಕಂತುಗಳು ತಾವಾಗೇ ಇಳಿಯಲಿ ಅಂತ ಆನ್ ಮಾಡಿ ಮಲಗುತ್ತಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಹನ್ನೆರಡರಲ್ಲಿ ಒಂದೂ ಬಂದಿರುತ್ತಿರಲಿಲ್ಲ. ಆ್ಯಪ್ ಸರಿಯಿಲ್ಲ ಅಂದುಕೊಂಡು ಮೂರು ಆ್ಯಪ್ ಬದಲಿಸಿದೆ. ಕಾರಣ ಬೇರೆಯೇ ಇತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ವ್ಯವಸ್ಥೆ ಇದೆ. ಚಾರ್ಜರ್ ಹಾಕದೆ, ಸ್ಕ್ರೀನ್ ಆರಿಸಿ, ಫೋನನ್ನು ಅಲುಗಾಡಿಸದೆ ಇಟ್ಟರೆ ಬ್ಯಾಟರಿ ಉಳಿಸಲು ಅದು ಆ್ಯಪ್‌ಗಳ ನೆಟ್ ಕೆಲಸವನ್ನು ಮುಂದೂಡುತ್ತದೆ. ರಾತ್ರಿ ಮಲಗಿದ ಮನೆಯಲ್ಲಿ ಫೋನ್ ಇರೋದೇ ಹಾಗೆ! ಚಾರ್ಜಿಗೆ ಹಾಕಿ ಮಲಗಿದರೆ ಆ ತಡೆ ಇರೋದಿಲ್ಲ. ಹಾಗೂ ಮಾಡಿದೆ. ಆಗ ಫೋನ್ ಕಂಪನಿಯವರ ಸ್ವಂತ ಬ್ಯಾಟರಿ ಉಳಿತಾಯ ಬೇರೆ ಅಡ್ಡ ಬಂತು. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ಬೇಡ ಅಂತ ಕೊಟ್ಟೆ. ಒಂದು ಅಪ್‌ಡೇಟ್ ಬಂತು, ಮತ್ತೆ ಮೊದಲಿನಂತಾಯಿತು.

ಇನ್ನು ಬೆರಳಿನ ಕೆಲಸ. ಒಂದು ಇತಿಹಾಸದ ಸರಣಿ ಎಂಬತ್ತು ಕಂತಿನದು, ಮೊದಲನೆಯದರಿಂದ ಕೇಳಬೇಕು. ಆ್ಯಪ್ ಹೊಸದನ್ನೇ ಮೇಲೆ ತೋರಿಸುತ್ತದೆ. ಇನ್‌ಸೀಮ್ (ಪ್ಯಾಂಟಿನ ಕಾಲಿನ ಒಳಬದಿಯ ಹೊಲಿಗೆ) ಹೊಲಿಯುತ್ತಾ ಕಂತು ಮುಗಿದಾಗ ಮುಂದಿನದನ್ನು ಎಳೆದು ಮೇಲೆ ತರಬೇಕು. ಬೆರಳಿಗೆ ಮಷಿನ್ ಎಣ್ಣೆ, ಅದರ ಮೇಲೆ ಡೆನಿಮ್‌ನ ನೀಲಿ ನುಣುಪು ಧೂಳು. ಸ್ಕ್ರೀನ್ ಹಿಡಿಯೋದಿಲ್ಲ, ಹಿಡಿದರೆ ತಪ್ಪು ಸಾಲನ್ನು ಹಿಡಿಯುತ್ತದೆ. ಹೀಗೇ ಒಂದು ದಿನ ಕೇಳದ ಐದು ಕಂತು ಅಳಿಸಿಹೋದವು. ಅಷ್ಟರಲ್ಲಿ ಬಂಡಲ್ ಕಟ್ಟುವ ಹುಡುಗ ಬಂದು ನಿಂತಿದ್ದ. "ಯಣ್ಣಾ, ಬೆಲ್ಟಿನೋರು ಕಾಯಕತ್ತಾರೆ, ಫೋನ್ ಆಮ್ಯಾಲೆ ನೋಡ್ಕೋ." ಬೆಲ್ಟಿನೋರು ಅಂದರೆ ಪ್ಯಾಂಟಿನ ಸೊಂಟಪಟ್ಟಿ ಹೊಲಿಯುವವರು. ಪೀಸ್ ಲೆಕ್ಕದ ಕೂಲಿಯಲ್ಲಿ ಆ ಐದು ನಿಮಿಷಕ್ಕೂ ಬೆಲೆ ಇದೆ.

ಏಪ್ರಿಲ್, ಮೇ ತಿಂಗಳ ಮಾತಂತೂ ಬಳ್ಳಾರಿಯವರಿಗೆ ಹೇಳಬೇಕಿಲ್ಲ. ತಗಡಿನ ಶೀಟಿನ ಕೆಳಗೆ ಫೋನು ಚಾರ್ಜ್ ಆಗುತ್ತಾ, ಇಳಿಸಿಕೊಳ್ಳುತ್ತಾ, ಹಾಡುತ್ತಾ ಇದ್ದರೆ ಬಿಸಿಯಾಗಿ ಚಾರ್ಜ್ ನಿಲ್ಲಿಸಿಬಿಡುತ್ತದೆ.

2024ರಲ್ಲಿ ನಾನು ಬಳಸುತ್ತಿದ್ದ ಆ್ಯಪನ್ನೇ ಅದರ ಕಂಪನಿ ಮುಚ್ಚಿತು. ಆ್ಯಪ್ ತೆಗೆದೆ, ಜೊತೆಗೆ ಇಳಿಸಿಟ್ಟ ನಲವತ್ತು ಕಂತೂ ಹೋದವು. ಇಂಥ ಆ್ಯಪ್‌ಗಳು ಫೈಲುಗಳನ್ನು ತಮ್ಮದೇ ಫೋಲ್ಡರಿನಲ್ಲಿ ಇಡುತ್ತವೆ, ಆ್ಯಪ್ ಹೋದರೆ ಅವೂ ಹೋಗುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಆವತ್ತು ನಿಜಕ್ಕೂ ಬೇಜಾರಾಗಿತ್ತು. ರಾತ್ರಿ ಮಗಳು ಕೇಳಿದಳು, "ಅಪ್ಪಾ, ಎಲ್ಲಾನೂ ಫೋನಲ್ಲೇ ಯಾಕ್ ಮಾಡ್ತೀಯಾ? ನನ್ ಲ್ಯಾಪ್‌ಟಾಪ್ ಐತಲ್ಲಾ."

ಅಲ್ಲಿಂದ ವ್ಯವಸ್ಥೆ ಬದಲಾಯಿತು. ಪಾಡ್‌ಕಾಸ್ಟ್ ಅನ್ನೋದು ಮೂಲದಲ್ಲಿ ಒಂದು ಆರ್‌ಎಸ್‌ಎಸ್ ಫೀಡ್. ಯಾವ ಕಂತು ಎಲ್ಲಿದೆ ಅನ್ನುವ ಪಟ್ಟಿ, ಅಷ್ಟೇ. ಅದನ್ನು ಯಾವ ತಂತ್ರಾಂಶ ಬೇಕಾದರೂ ಓದಬಹುದು. ಲ್ಯಾಪ್‌ಟಾಪಿನಲ್ಲಿ ಜಿಪೋಡರ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡೆವು. ಭಾನುವಾರ ಸಂಜೆ ಅದರಲ್ಲಿ ಇಳಿಸಿ, ಫೈಲುಗಳ ಹೆಸರಿನ ಮುಂದೆ 01, 02 ಅಂತ ನಂಬರ್ ಹಾಕಿ, ಯುಎಸ್‌ಬಿ ಕೇಬಲ್‌ನಲ್ಲಿ ಫೋನಿನ ಒಂದು ಫೋಲ್ಡರಿಗೆ ನಕಲು ಮಾಡುತ್ತೇನೆ. ಫೋನಿನಲ್ಲಿ ಆಂಟೆನಾಪಾಡ್ ಇದೆ. ಅದು ಜಾಹೀರಾತಿಲ್ಲದ, ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಆ್ಯಪ್. ಫೋನಿನೊಳಗಿನ ಫೋಲ್ಡರನ್ನೇ ಒಂದು ಪಾಡ್‌ಕಾಸ್ಟ್‌ನಂತೆ ಸೇರಿಸಿಕೊಳ್ಳುತ್ತದೆ, ಎಲ್ಲಿ ನಿಲ್ಲಿಸಿದ್ದೆ ಅನ್ನೋದನ್ನೂ ನೆನಪಿಡುತ್ತದೆ. ದೊಡ್ಡ ಪರದೆ, ಮೌಸ್, ತೊಳೆದ ಕೈ. ವಾರದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಇದರಲ್ಲೂ ಕೊರತೆ ಇದೆ. ತಮ್ಮ ಆ್ಯಪಿನಲ್ಲಿ ಮಾತ್ರ ಕೇಳಿಸುವ, ಫೀಡ್ ಕೊಡದ ಕಾರ್ಯಕ್ರಮಗಳು ಹೀಗೆ ಸಿಗೋದಿಲ್ಲ. ನನಗೆ ಇಷ್ಟವಾದ ಒಂದು ಅದಕ್ಕೇ ತಪ್ಪಿತು. ಫೋನಿನಲ್ಲಿ ಯಾವುದು ಕೇಳಿ ಆಯಿತು ಅನ್ನೋದು ಲ್ಯಾಪ್‌ಟಾಪಿಗೆ ತಿಳಿಯೋದಿಲ್ಲ, ನಾನೇ ಗುರುತಿಡಬೇಕು. ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಮಷಿನ್ ಟೇಬಲ್ ಅಂಚಿನಲ್ಲಿ ಕಂತಿನ ನಂಬರ್ ಬರೆದಿಡುತ್ತೇನೆ. ದೊಡ್ಡವರ ಕಾಲದ ಪದ್ಧತಿ ಅನ್ನಿಸಬಹುದು, ಆದರೆ ಅದು ಒಂದು ದಿನವೂ ಕೈಕೊಟ್ಟಿಲ್ಲ.

ನನ್ನಂತೆ ಒಂದೇ ಕಿವಿಗೆ ಇಯರ್‌ಫೋನ್ ಹಾಕುವವರಿಗೆ ಇನ್ನೊಂದು ಮಾತು. ಸೂಜಿ ಮುರಿದರೆ, ದಾರ ಸಿಕ್ಕಿಕೊಂಡರೆ ಮಷಿನ್ ಸದ್ದು ಬದಲಾಗುತ್ತದೆ, ಅದಕ್ಕೆ ಇನ್ನೊಂದು ಕಿವಿ ಬೇಕೇ ಬೇಕು. ಇಬ್ಬರು ಮಾತಾಡುವ ಕೆಲವು ಕಾರ್ಯಕ್ರಮಗಳಲ್ಲಿ ಒಬ್ಬರ ದನಿ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಇರುತ್ತದೆ. ಹಾಗಾದಾಗ ನಿಮಗೆ ಬರೀ ಪ್ರಶ್ನೆ ಕೇಳಿಸುತ್ತದೆ, ಉತ್ತರ ಇಲ್ಲ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೊನೊ ಆಡಿಯೊ ಆನ್ ಮಾಡಿ, ಎರಡೂ ದನಿ ಒಂದೇ ಕಿವಿಗೆ ಬರುತ್ತವೆ.

ಆ ಎಂಬತ್ತು ಕಂತಿನ ಸರಣಿಯನ್ನು ಮತ್ತೆ ಮೊದಲಿಂದ ಶುರು ಮಾಡಿದ್ದೇನೆ. ಇವತ್ತು ಬುಧವಾರ, ಟೇಬಲ್ ಅಂಚಿನಲ್ಲಿ 14 ಅಂತ ಬರೆದಿದೆ.