ಪಾಯಿಂಟ್ ಶೂ ತೊಡುವ ಮುನ್ನ: ಟವೆಲ್, ಬ್ಯಾಂಡ್, ಡೋಮಿಂಗ್

ಭರತನಾಟ್ಯದಲ್ಲಿ 15 ವರ್ಷ ಪಳಗಿದ ಪಾದ ಬ್ಯಾಲೆಗೂ ಒದಗುತ್ತದೆ ಎಂದು ನಾನು ನಂಬಿದ್ದೆ. ಅದರ ಕುದಿತ್ತ ಮೆಟ್ಟಡವು ಎಂಬ ಹೆಜ್ಜೆಯಲ್ಲಿ ನಾವು ಮುಂಗಾಲಿನ ಮೇಲೆ ನೆಗೆದು ಹಿಮ್ಮಡಿ ಬಡಿಯುತ್ತೇವೆ. ಆದರೆ ಅಲ್ಲಿ ಬೆರಳುಗಳು ಬಾಗಿ ನೆಲಕ್ಕೆ ಒರಗಿರುತ್ತವೆ. ಪಾಯಿಂಟ್‌ನಲ್ಲಿ (ಗಟ್ಟಿ ಮೂತಿಯ ಬ್ಯಾಲೆ ಶೂ ತೊಟ್ಟು ಬೆರಳ ತುದಿಯಲ್ಲಿ ನಿಲ್ಲುವಾಗ) ಬೆರಳುಗಳು ಉದ್ದಕ್ಕೆ ಚಾಚಿಕೊಂಡು, ಇಡೀ ಮೈಭಾರ ಅವುಗಳ ತುದಿಗೆ ಬೀಳುತ್ತದೆ. ಈ ವ್ಯತ್ಯಾಸ ತಿಳಿದ ಮೇಲೆ, ಮಡಿಕೇರಿಯ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾದ ಬಲಪಡಿಸುವ ಬೇರೆ ಬೇರೆ ವ್ಯಾಯಾಮಗಳನ್ನು ಒಂದೊಂದಾಗಿ ಮಾಡಿ ನೋಡಿದೆ. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಿರಿ ಎಂಬ ಸಲಹೆಯನ್ನು ಮಾತ್ರ ಕೈಬಿಟ್ಟೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ತೋಟದ ಹುಲ್ಲಿನ ತುಂಬ ಜಿಗಣೆ.

ಮೊದಲು ಹಿಡಿದದ್ದು ಎಲ್ಲರೂ ಹೇಳುವ ಟವೆಲ್ ವ್ಯಾಯಾಮ. ನೆಲಕ್ಕೆ ಟವೆಲ್ ಹಾಸಿ, ಬೆರಳುಗಳಿಂದ ಮುದುಡಿ ಮುದುಡಿ ಹಿಮ್ಮಡಿಯತ್ತ ಎಳೆದುಕೊಳ್ಳುವುದು. ಆರು ವಾರ ಶ್ರದ್ಧೆಯಿಂದ ಮಾಡಿದೆ. ಬೆರಳುಗಳ ಹಿಡಿತ ಹೆಚ್ಚಿತು, ನಿಜ. ಆದರೆ ಹಾಗೆ ಎಳೆಯುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಮೊಣಕಾಲಿನ ಕೆಳಗೆ ಹುಟ್ಟಿ ಬೆರಳಿನ ತುದಿಯವರೆಗೆ ಇಳಿಯುವ ಉದ್ದನೆಯ ಸ್ನಾಯುಗಳು. ಅವು ಬಲಿತಷ್ಟೂ ಬೆರಳು ಮಡಚಿಕೊಳ್ಳುವ ಚಾಳಿ ನನಗೆ ಅಂಟಿತು. ಮೈಸೂರಿನಲ್ಲಿ ಬ್ಯಾಲೆ ಶಿಕ್ಷಕಿಯ ಎದುರು, ಕಂಬಿ ಹಿಡಿದುಕೊಂಡು ಒಮ್ಮೆ ಶೂ ತೊಟ್ಟು ನಿಂತಾಗ ಬೆರಳುಗಳು ಒಳಗೇ ಮಡಚಿಕೊಂಡವು. ಶೂ ಬಿಚ್ಚಿದರೆ ಎರಡನೆಯ ಬೆರಳಿನ ಗಿಣ್ಣಿನ ಮೇಲೆ ಹುಣಸೆ ಬೀಜದಷ್ಟಗಲದ ಕೆಂಪು ಗುರುತು. ಪಾಯಿಂಟ್‌ಗೆಂದೇ ತಯಾರಾಗುವವರಿಗೆ ಈ ವ್ಯಾಯಾಮವನ್ನು ನಾನು ಹೇಳಲಾರೆ.

ರೆಸಿಸ್ಟೆನ್ಸ್ ಬ್ಯಾಂಡ್, ಅಂದರೆ ಎಳೆದರೆ ಹಿಗ್ಗುವ ರಬ್ಬರ್ ಪಟ್ಟಿ, ಇದಕ್ಕಿಂತ ಎಷ್ಟೋ ಮೇಲು. ಕಾಲು ನೀಡಿ ಕುಳಿತು, ಬ್ಯಾಂಡನ್ನು ಮುಂಗಾಲಿಗೆ ಸುತ್ತಿ, ಮೊದಲು ಹರಡನ್ನು, ಆಮೇಲೆ ಬೆರಳನ್ನು ಚಾಚಿ, ಹಿಂದಿರುಗುವಾಗ ಬೆರಳಿನಿಂದಲೇ ಆರಂಭಿಸಬೇಕು. ಹಗುರವಾದ ಹಳದಿ ಬ್ಯಾಂಡಿನಿಂದ ಬಿಗಿಯಾದ ಕೆಂಪಿಗೆ ಏರುವಷ್ಟರಲ್ಲಿ ಯಾವ ಕೀಲು ಯಾವಾಗ ಚಲಿಸುತ್ತಿದೆ ಎಂಬ ಅರಿವು ನನಗೆ ಸ್ಪಷ್ಟವಾಯಿತು. ದಣಿವಾದೊಡನೆ ಪಾದ ಒಳಮುಖವಾಗಿ ಕುಡುಗೋಲಿನಂತೆ ಬಾಗುತ್ತದೆ. ಕನ್ನಡಿಯಿಲ್ಲದೆ ಮಾಡಿದರೆ ಆ ತಪ್ಪೇ ರೂಢಿಯಾಗುವ ಅಪಾಯವಿದೆ. ಮೇಲಾಗಿ ಕುಳಿತೇ ಮಾಡುವುದರಿಂದ ಪಾದಕ್ಕೆ ಮೈಭಾರದ ಪರಿಚಯವೇ ಆಗುವುದಿಲ್ಲ.

ಡೋಮಿಂಗ್ ನೋಡುವವರಿಗೆ ಏನೂ ಅಲ್ಲವೆನ್ನಿಸುವ ವ್ಯಾಯಾಮ. ಹಿಮ್ಮಡಿ ಮತ್ತು ಬೆರಳಿನ ತುದಿಗಳನ್ನು ನೆಲಕ್ಕೆ ಊರಿ, ಬೆರಳುಗಳನ್ನು ಮಡಚದೆ, ಅಂಗಾಲಿನ ಕಮಾನನ್ನಷ್ಟೇ ಮೇಲಕ್ಕೆ ಸೆಳೆದು ಐದು ಸೆಕೆಂಡು ಹಿಡಿಯಬೇಕು. ಮೊದಲ ಎರಡು ವಾರ ನನ್ನ ಬೆರಳುಗಳು ಹಳೆಯ ಚಾಳಿಯಂತೆ ಸುರುಟಿಕೊಳ್ಳುತ್ತಿದ್ದವು. ಕೆಂಪು ಗಾರೆ ನೆಲದ ಮೇಲೆ ಕುಳಿತು, ಒಂದು ಕೈಯಿಂದ ಅವುಗಳನ್ನು ಮೆಲ್ಲಗೆ ಒತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆಟ್ಟನ್ನು ಕಮಾನಿನಡಿ ಇಟ್ಟುಕೊಂಡೆ. ಒಂದು ಸಂಜೆ ಆ ಹೆಬ್ಬೆಟ್ಟಿನ ಮೇಲೆ ಸಣ್ಣದೊಂದು ಸ್ನಾಯು ಬಿಗಿದು ಸಡಿಲವಾದದ್ದು ತಿಳಿಯಿತು. ಪಾದದಲ್ಲೇ ಹುಟ್ಟಿ ಪಾದದಲ್ಲೇ ಮುಗಿಯುವ ಈ ಪುಟ್ಟ ಸ್ನಾಯುಗಳೇ ಬೆರಳನ್ನು ನೀಳವಾಗಿಟ್ಟು ಕಮಾನನ್ನು ಎತ್ತಿಹಿಡಿಯುವಂಥವು. 1832ರಲ್ಲಿ ಪ್ಯಾರಿಸ್ ರಂಗದ ಮೇಲೆ ಬೆರಳ ತುದಿಯಲ್ಲಿ ನರ್ತಿಸಿ ಹೆಸರಾದ ಮರೀ ಟಾಗ್ಲಿಯೋನಿಯ ಪಾದರಕ್ಷೆಯಲ್ಲಿ ಇಂದಿನ ಗಟ್ಟಿ ಮೂತಿ ಇರಲಿಲ್ಲ, ತುದಿಗೆ ಹೊಲಿಗೆ ಹಾಕಿ ಬಿಗಿಗೊಳಿಸಿದ ಸ್ಯಾಟಿನ್ ಅಷ್ಟೇ. ಆಕೆಯನ್ನು ನಿಲ್ಲಿಸಿದ್ದು ಬಹುಪಾಲು ಪಾದದ ಬಲ ಎಂಬುದು ಆ ಸಂಜೆ ನನಗೆ ಮನದಟ್ಟಾಯಿತು.

ಆದರೂ ಡೋಮಿಂಗ್ ಒಂದರಿಂದಲೇ ಕೆಲಸವಾಗದು. ಒಂಟಿ ಕಾಲಿನಲ್ಲಿ, ಮಂಡಿ ನೇರವಾಗಿಟ್ಟು, ನಿಧಾನವಾಗಿ ಹಿಮ್ಮಡಿ ಎತ್ತಿ ಅಷ್ಟೇ ನಿಧಾನವಾಗಿ ಇಳಿಸುವ ಅಭ್ಯಾಸ ಜೊತೆಗಿರಲೇಬೇಕು. ಮೀನಖಂಡಕ್ಕೂ ಸಮತೋಲಕ್ಕೂ ಇದಕ್ಕೆ ಸಾಟಿಯಿಲ್ಲ. ಈಗ ಬೆಳಿಗ್ಗೆ ಡೋಮಿಂಗ್, ಸಂಜೆ ಇದು, ವಾರಕ್ಕೆ ಎರಡು ದಿನ ಕನ್ನಡಿಯ ಮುಂದೆ ಬ್ಯಾಂಡ್. ಒಂದೊಂದು ಕಾಲಿನಲ್ಲೂ ಅಲುಗದೆ 20 ಸಲ ಏಳಬೇಕೆಂಬುದು ಶಿಕ್ಷಕಿಯ ಷರತ್ತು. ಬಲಗಾಲು 22 ಮುಟ್ಟಿದೆ. ಎಡಗಾಲು 13ಕ್ಕೇ ನಡುಗುತ್ತದೆ. ಅದು 20 ತಲುಪುವವರೆಗೆ ಶೂ ಪೆಟ್ಟಿಗೆಯಲ್ಲೇ ಇರುತ್ತದೆ.